ಕುದುರೆ ಓಡುವ ಮಣ್ಣಿಗೂ ಹದ ಬೇಕು: ಸಾಂಟಾ ಅನಿಟಾದಲ್ಲಿ ನಡೆದದ್ದು

ಮಳೆ ಬಿದ್ದ ಮರುದಿನವೇ ಯಾರೂ ಹೊಲಕ್ಕೆ ಕುಂಟೆ ಹೂಡುವುದಿಲ್ಲ. ಮನೆಯ ಹಿರಿಯರು ಬೆಳಗ್ಗೆ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ ನೋಡುತ್ತಾರೆ. ಕೈಗೆ ಅಂಟಿಕೊಂಡರೆ ಇನ್ನೂ ಹಸಿ ಇದೆ. ಉಂಡೆಯೇ ಕಟ್ಟದಿದ್ದರೆ ಹದ ಮೀರಿದೆ. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದಾಗ ಪುಡಿಯಾದರೆ ಎತ್ತು ಹೂಡಬಹುದು. ಇದನ್ನು ಯಾರೂ ಶಾಲೆಯಲ್ಲಿ ಕಲಿತದ್ದಲ್ಲ. ಹದ ತಪ್ಪಿದರೆ ಹೆಚ್ಚೆಂದರೆ ಒಂದು ಬಿತ್ತನೆ ಕೆಡುತ್ತದೆ, ಹೆಂಟೆ ಏಳುತ್ತದೆ, ಎತ್ತು ದಣಿಯುತ್ತವೆ.

ಇದೇ ಹದ ತಪ್ಪಿದರೆ ಪ್ರಾಣ ಹೋಗುವ ಒಂದು ಜಾಗವಿದೆ. ಅದು ಕುದುರೆ ಓಟದ ಟ್ರ್ಯಾಕ್. ಆ ಮಣ್ಣಿನ ಹದವನ್ನು ಅಳೆಯಲು ಎಂಜಿನಿಯರುಗಳು, ಪಶುವೈದ್ಯರು, ಟ್ರ್ಯಾಕ್ ನೋಡಿಕೊಳ್ಳುವವರು ಸೇರಿ ಏನೆಲ್ಲ ಮಾಡಿದರು, ಎಲ್ಲಿ ಎಡವಿದರು ಎಂಬುದೇ ಈ ಬರಹ. ನಾವು ಜೂಜಿನ ಬಗ್ಗೆ ಬರೆಯುತ್ತಿಲ್ಲ. ಯಾವ ಕುದುರೆಗೆ ಹಣ ಕಟ್ಟಬೇಕು ಎಂದು ಕೇಳಬೇಡಿ, ನಮಗೂ ಗೊತ್ತಿಲ್ಲ!

ಜಾಗ: ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, ಲಾಸ್ ಏಂಜಲೀಸ್ ಪಕ್ಕದ ಆರ್ಕೇಡಿಯಾ ಎಂಬ ಊರು. ಅಲ್ಲಿ ಬೆಟ್ಟದ ಸಾಲಿನ ಬುಡದಲ್ಲಿ ಸಾಂಟಾ ಅನಿಟಾ ಎಂಬ ರೇಸ್‌ಕೋರ್ಸ್ ಇದೆ. 1934ರ ಕ್ರಿಸ್‌ಮಸ್ ದಿನ ಶುರುವಾದದ್ದು. ಸೀಬಿಸ್ಕೆಟ್ ಎಂಬ ಹೆಸರಾಂತ ಕುದುರೆ 1940ರಲ್ಲಿ ತನ್ನ ಕೊನೆಯ ಓಟ ಗೆದ್ದದ್ದು ಇಲ್ಲೇ. ಮುಖ್ಯ ಟ್ರ್ಯಾಕ್ ಒಂದು ಮೈಲಿ ಸುತ್ತಳತೆಯದು, ಮಣ್ಣಿನದು. ಅದರ ಒಳಗೆ ಹುಲ್ಲಿನ ಟ್ರ್ಯಾಕ್.

2018ರ ಡಿಸೆಂಬರ್ 26ಕ್ಕೆ ಚಳಿಗಾಲದ ಓಟಗಳು ಶುರುವಾದವು. ಮರುವರ್ಷದ ಜನವರಿ, ಫೆಬ್ರವರಿಯಲ್ಲಿ ಅಲ್ಲಿ ವಾಡಿಕೆಗಿಂತ ಬಹಳ ಹೆಚ್ಚು ಮಳೆ. ಓಟದಲ್ಲೂ ತಾಲೀಮಿನಲ್ಲೂ ಒಂದರ ಹಿಂದೆ ಒಂದು ಕುದುರೆ ಕಾಲು ಮುರಿದುಕೊಂಡು ಬೀಳತೊಡಗಿತು. ಫೆಬ್ರವರಿ 26 ಮತ್ತು 27ರಂದು ಟ್ರ್ಯಾಕ್ ಮುಚ್ಚಿ ಪರೀಕ್ಷೆ ಮಾಡಿದರು. ನೆಲದೊಳಗೆ ಇಣುಕುವ ರಾಡಾರ್ ಯಂತ್ರ ತಂದು ಸುತ್ತಲೂ ಓಡಿಸಿದರು. ಮರಳು, ಗೋಡು, ಜೇಡಿ ಎಲ್ಲೆಡೆ ಒಂದೇ ಸಮ ಇವೆ, ತೇವವೂ ಒಂದೇ ಸಮ ಇದೆ ಎಂದು ವರದಿ ಬಂತು. ಟ್ರ್ಯಾಕ್ ಮತ್ತೆ ತೆರೆಯಿತು. ಮಾರ್ಚ್ 2ರಂದು ಎಸ್ಕೆನ್‌ಫೊರಾಡ್ರಿಂಕ್ ಎಂಬ ಹೆಣ್ಣು ಕುದುರೆ ಓಟದ ನಡುವೆ ಬಿತ್ತು. ಮಾರ್ಚ್ 5ರಂದು ತಾಲೀಮಿನಲ್ಲಿ ಇನ್ನೊಂದು. ಅದು 21ನೆಯದು. ಅಂದೇ ಇಡೀ ರೇಸ್‌ಕೋರ್ಸಿಗೆ ಬೀಗ ಬಿತ್ತು.

ಪರೀಕ್ಷೆ ಮಾಡಿ ಸರಿ ಇದೆ ಅಂದ ಮಣ್ಣಿನ ಮೇಲೆ ಕುದುರೆ ಸತ್ತವು. ಹಾಗಾದರೆ ಪರೀಕ್ಷೆ ತಪ್ಪೋ, ಮಣ್ಣು ತಪ್ಪೋ, ಇಲ್ಲ ಬೇರೇನೋ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಕುದುರೆಯ ಕಾಲನ್ನು ನೋಡೋಣ. ರೇಸ್ ಕುದುರೆ ಎಂದರೆ ಸುಮಾರು 450ರಿಂದ 500 ಕಿಲೋ ತೂಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವಾಗ ಒಂದು ಕ್ಷಣ ಅದರ ಇಡೀ ಭಾರ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಬರೀ ಭಾರವಲ್ಲ, ವೇಗದಿಂದಾಗಿ ತನ್ನ ತೂಕದ ಎರಡೂವರೆ ಪಟ್ಟಿನಷ್ಟು ಒತ್ತಡ. ಅಂದರೆ ಒಂದು ಟನ್ನಿಗೂ ಮೇಲೆ. ಆ ಕಾಲಾದರೂ ಎಷ್ಟು? ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲ. ಮೂಳೆ, ನರದಂಥ ಸ್ನಾಯುರಜ್ಜು, ಚರ್ಮ, ಅಷ್ಟೆ. ನಮ್ಮ ಮಣಿಕಟ್ಟಿಗಿಂತ ತುಸು ದಪ್ಪ.

ಗೊರಸು ನೆಲ ಮುಟ್ಟಿದಾಗ ಮೊದಲು ಪೆಟ್ಟು ಬೀಳುತ್ತದೆ. ಆಮೇಲೆ ಗೊರಸು ಒಂದಿಷ್ಟು ಮುಂದಕ್ಕೆ ಜಾರುತ್ತದೆ. ಆಮೇಲೆ ಭಾರ ಕೂರುತ್ತದೆ. ಕೊನೆಗೆ ಗೊರಸಿನ ತುದಿ ಮಣ್ಣನ್ನು ಹಿಂದಕ್ಕೆ ಒದ್ದು ಮೇಲೇಳುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ನೆಲ ಗಟ್ಟಿಯಾದರೆ ಪೆಟ್ಟು ಮೂಳೆಗೆ ಏರುತ್ತದೆ. ನೆಲ ತೀರಾ ಮೆತ್ತಗಾದರೆ ಗೊರಸು ಹೂತು ಸ್ನಾಯುರಜ್ಜು ಎಳೆಯುತ್ತದೆ, ಕುದುರೆ ಬೇಗ ದಣಿಯುತ್ತದೆ. ಜಾರಲೇಬೇಕಾದ ಆ ಚೂರು ಜಾರದೆ ಗೊರಸು ಗಕ್ಕನೆ ನಿಂತರೂ ಕೆಟ್ಟದ್ದು. ಹೆಚ್ಚು ಜಾರಿದರೂ ಕೆಟ್ಟದ್ದು. ಎಲ್ಲಕ್ಕಿಂತ ಅಪಾಯ ಇಲ್ಲಿ ಗಟ್ಟಿ, ನಾಲ್ಕು ಹೆಜ್ಜೆ ಮುಂದೆ ಮೆತ್ತಗೆ ಅನ್ನುವ ನೆಲ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಅದು 60 ಕಿಲೋಮೀಟರ್ ವೇಗದಲ್ಲಿ, ಬೆನ್ನ ಮೇಲೆ ಒಬ್ಬ ಮನುಷ್ಯ ಕೂತಿರುವಾಗ. ಕುದುರೆ ಬಿದ್ದರೆ ಜಾಕಿಯೂ ಬೀಳುತ್ತಾನೆ, ಹಿಂದೆ ಬರುವ ಕುದುರೆಗಳೂ ತುಳಿಯುತ್ತವೆ.

ಕಾಲು ಮುರಿದ ಕುದುರೆಯನ್ನು ಯಾಕೆ ಉಳಿಸುವುದಿಲ್ಲ ಎಂದು ಬಹಳ ಜನ ಕೇಳುತ್ತಾರೆ. ಕುದುರೆ ಮೂರೇ ಕಾಲಲ್ಲಿ ವಾರಗಟ್ಟಲೆ ನಿಲ್ಲಲಾರದು, ಮಲಗಿಸಿ ಇಡಲೂ ಆಗದು. ಒಳ್ಳೆಯ ಕಾಲಿನ ಮೇಲೆ ಭಾರ ಹೆಚ್ಚಾಗಿ ಅದರ ಗೊರಸಿನ ಒಳಗೆ ಬಾವು ಬರುತ್ತದೆ, ಅದೂ ಕೆಡುತ್ತದೆ. 2006ರ ಮೇ ತಿಂಗಳಲ್ಲಿ ಬಾರ್ಬಾರೊ ಎಂಬ ಕುದುರೆ ಓಟದಲ್ಲಿ ಹಿಂಗಾಲು ಮುರಿದುಕೊಂಡಾಗ ದುಡ್ಡಿನ ಮುಖ ನೋಡದೆ ಎಂಟು ತಿಂಗಳು ಚಿಕಿತ್ಸೆ ಕೊಟ್ಟರು. ಕೊನೆಗೆ ಉಳಿದ ಕಾಲುಗಳ ಗೊರಸು ಕೆಟ್ಟು 2007ರ ಜನವರಿಯಲ್ಲಿ ಅದನ್ನು ಕೊನೆಗಾಣಿಸಬೇಕಾಯಿತು.

ಇಂಗ್ಲೆಂಡಿನಲ್ಲಿ ಕುದುರೆ ಓಟ ಹುಟ್ಟಿದ್ದು ಹುಲ್ಲಿನ ಮೇಲೆ. ಅಮೆರಿಕದವರು ಬೇರೆ ದಾರಿ ಹಿಡಿದರು. 1821ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಶುರುವಾದ ಯೂನಿಯನ್ ಕೋರ್ಸಿನಲ್ಲಿ ಮೇಲಿನ ಹುಲ್ಲನ್ನು ಕೆತ್ತಿ ಬರೀ ಮಣ್ಣಿನ ಮೇಲೆ ಓಡಿಸಿದರು. ಅಲ್ಲಿಂದ ಮಣ್ಣಿನ ಟ್ರ್ಯಾಕೇ ಆ ದೇಶದ ರೂಢಿಯಾಯಿತು. ಮಣ್ಣಿನ ಮೇಲೆ ವೇಗ ಹೆಚ್ಚು, ದಿನವೂ ಓಡಿಸಬಹುದು. ಹುಲ್ಲು ಹಾಗಲ್ಲ, ತುಳಿದರೆ ಅದಕ್ಕೆ ಬಿಡುವು ಬೇಕು. ಬೆಂಗಳೂರಿನ ಹುಲ್ಲಿನ ಟ್ರ್ಯಾಕಿನಲ್ಲಿ ಒಳಬದಿಯ ಬೇಲಿಯನ್ನು ಆಗಾಗ ಕೆಲವು ಮೀಟರ್ ಹೊರಕ್ಕೆ ಸರಿಸಿ ನಿಲ್ಲಿಸುತ್ತಾರೆ. ಫಾಲ್ಸ್ ರೇಲ್ ಎನ್ನುತ್ತಾರೆ. ತುಳಿದು ಸವೆದ ಪಟ್ಟಿಗೆ ವಿಶ್ರಾಂತಿ ಸಿಗಲಿ ಎಂಬುದೇ ಅದರ ಉದ್ದೇಶ. ಒಂದು ಬೆಳೆ ತೆಗೆದ ಹೊಲವನ್ನು ಬೀಳು ಬಿಟ್ಟಂತೆ.

ಅಮೆರಿಕದ ಮಣ್ಣಿನ ಟ್ರ್ಯಾಕ್ ಎಂದರೆ ನಮ್ಮ ಬಂಡಿ ದಾರಿಯಂಥದ್ದು ಎಂದುಕೊಳ್ಳಬೇಡಿ. ಅದು ಪದರ ಪದರವಾಗಿ ಕಟ್ಟಿದ್ದು. ಅಡಿಯಲ್ಲಿ ಅಲುಗದಂತೆ ಬಿಗಿದ ತಳ. ಅದರ ಮೇಲೆ ಅದುಮಿದ ಒಂದು ಪದರ. ಎಲ್ಲಕ್ಕಿಂತ ಮೇಲೆ ಮೂರು ನಾಲ್ಕು ಇಂಚು ಸಡಿಲ ಮಣ್ಣು, ಕುದುರೆಗೆ ಅದೇ ಹಾಸಿಗೆ. ಈ ಮೇಲ್ಪದರದಲ್ಲಿ ಬಹುಪಾಲು ಮರಳು. ಉಳಿದದ್ದು ಗೋಡು ಮತ್ತು ಜೇಡಿ. ಜೇಡಿ ಇಲ್ಲದಿದ್ದರೆ ಮರಳು ಹಿಡಿದುಕೊಳ್ಳುವುದಿಲ್ಲ, ಜಾಸ್ತಿಯಾದರೆ ಒಣಗಿ ಕಲ್ಲಾಗುತ್ತದೆ. ಎರೆ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಕಾಲು ಕಚ್ಚುವ ಅಂಟು, ಎರಡೂ ಅದೇ ಮಣ್ಣಿನದು.

ದಿನದ ಕೆಲಸವೂ ನಮಗೆ ಪರಿಚಯದ್ದೇ. ಬೆಳಗಿನ ಜಾವ ತಾಲೀಮಿಗೆ ಮೊದಲು ಟ್ರ್ಯಾಕ್ಟರ್ ಹಿಂದೆ ಹಲ್ಲಿನ ಕುಂಟೆ ಕಟ್ಟಿ ಸುತ್ತು ಹಾಕುತ್ತಾರೆ. ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಾರೆ. ಒಂದೊಂದು ಓಟದ ನಡುವೆಯೂ ಮತ್ತೆ ಕುಂಟೆ, ಮತ್ತೆ ನೀರು. ಬಿಸಿಲಿರುವ ಕಡೆ ಬೇಗ ಒಣಗುತ್ತದೆ, ಗ್ಯಾಲರಿಯ ನೆರಳು ಬೀಳುವ ಕಡೆ ಹಸಿ ಉಳಿಯುತ್ತದೆ. ನೀರು ಹರಿಯಲೆಂದು ಟ್ರ್ಯಾಕನ್ನು ಒಳಬದಿಗೆ ಇಳಿಜಾರು ಮಾಡಿರುತ್ತಾರೆ, ಹಾಗಾಗಿ ಮಳೆ ಬಂದಾಗ ನುಣುಪು ಮಣ್ಣು ಕೊಚ್ಚಿಕೊಂಡು ಒಳಬೇಲಿಯ ಪಕ್ಕ ಸೇರುತ್ತದೆ. ಬದುವಿನ ತಗ್ಗಿನಲ್ಲಿ ಮೆಕ್ಕಲು ಕೂರುವ ಹಾಗೆಯೇ. ಅದನ್ನು ಮತ್ತೆ ಮೇಲಕ್ಕೆ ಎಳೆದು ಕಲಸಬೇಕು.

ದೊಡ್ಡ ಮಳೆ ಬರುವುದು ಗೊತ್ತಾದರೆ ಇನ್ನೊಂದು ಉಪಾಯ. ನಾವು ಕೊರಡು ಹೊಡೆಯುತ್ತೇವಲ್ಲ, ಅದೇ ರೀತಿ ಭಾರದ ಹಲಗೆ ಎಳೆದು ಮೇಲ್ಮೈಯನ್ನು ಅದುಮಿ ನುಣ್ಣಗೆ ಮಾಡಿಬಿಡುತ್ತಾರೆ. ನೀರು ಒಳಗೆ ಇಳಿಯದೆ ಮೇಲಿಂದ ಮೇಲೆ ಹರಿದುಹೋಗುತ್ತದೆ. ಸೀಲ್ ಮಾಡುವುದು ಎನ್ನುತ್ತಾರೆ. ಇದರಿಂದ ಟ್ರ್ಯಾಕ್ ಕೆಸರುಗುಂಡಿ ಆಗುವುದು ತಪ್ಪುತ್ತದೆ, ಆದರೆ ನೆಲ ಗಟ್ಟಿಯಾಗುತ್ತದೆ. ಮಳೆ ನಿಂತ ಮೇಲೆ ಮತ್ತೆ ಕುಂಟೆ ಹೊಡೆದು ಬಿಡಿಸಬೇಕು. ಬಿಡಿಸುವ ಹೊತ್ತು ಯಾವುದು? ಹದ ಬಂದಾಗ. ಯಾರು ಹೇಳಬೇಕು? ಟ್ರ್ಯಾಕ್ ನೋಡಿಕೊಳ್ಳುವವನು.

ಶತಮಾನಕ್ಕೂ ಹೆಚ್ಚು ಕಾಲ ಈ ತೀರ್ಮಾನವೆಲ್ಲ ಆ ಒಬ್ಬನ ಬೂಟಿನ ಹಿಮ್ಮಡಿಯ ಮೇಲೆ ನಿಂತಿತ್ತು. ನೆಲಕ್ಕೆ ಹಿಮ್ಮಡಿ ಒತ್ತಿ ನೋಡುವುದು, ಕೈಯಲ್ಲಿ ಹಿಸುಕಿ ನೋಡುವುದು. ಇಂಗ್ಲೆಂಡಿನ ಹುಲ್ಲಿನ ಟ್ರ್ಯಾಕುಗಳಲ್ಲಿ ಊರುಗೋಲು ಚುಚ್ಚಿ ನೋಡುತ್ತಿದ್ದರು. ಇದನ್ನು ನಾವು ಹಗುರವಾಗಿ ಹೇಳುತ್ತಿಲ್ಲ. 40 ವರ್ಷ ಒಂದೇ ಮಣ್ಣು ನೋಡಿದವನ ಹಿಮ್ಮಡಿ ಬಹಳ ತಿಳಿದಿರುತ್ತದೆ. ತೊಂದರೆ ಎಂದರೆ, ಅವನು ನಿವೃತ್ತನಾದ ದಿನ ಆ ತಿಳಿವಳಿಕೆಯೂ ಅವನ ಜೊತೆ ಮನೆಗೆ ಹೋಗುತ್ತದೆ. ಇಂದಿನ ಹದವನ್ನು ಹೋದ ವರ್ಷದ ಹದದ ಜೊತೆ ಹೋಲಿಸಲು ಎಲ್ಲೂ ಬರೆದಿಟ್ಟಿರುವುದಿಲ್ಲ.

ಊರುಗೋಲಿನ ಬದಲು ಬಂದದ್ದು ಪೆನೆಟ್ರೋಮೀಟರ್. ಗೊತ್ತಾದ ತೂಕವನ್ನು ಗೊತ್ತಾದ ಎತ್ತರದಿಂದ ಬೀಳಿಸಿ, ಸರಳು ನೆಲಕ್ಕೆ ಎಷ್ಟು ಇಳಿಯಿತು ಎಂದು ಓದುವುದು. ನಮ್ಮ ದೇಶದ ರೇಸ್ ವರದಿಗಳಲ್ಲೂ ಈ ಅಂಕಿ ಕಾಣುತ್ತದೆ. 2000ದ ದಶಕದಲ್ಲಿ ಇಂಗ್ಲೆಂಡಿನಲ್ಲಿ ಗೋಯಿಂಗ್‌ಸ್ಟಿಕ್ ಎಂಬ ಕೋಲು ಬಂತು. ನೆಲಕ್ಕೆ ಚುಚ್ಚಿ, ಆಮೇಲೆ 45 ಡಿಗ್ರಿಗೆ ಬಗ್ಗಿಸಿ ಎಳೆಯಬೇಕು. ಚುಚ್ಚಲು ಎಷ್ಟು ಬಲ ಬೇಕಾಯಿತು, ಬೇರು ಸಮೇತ ಮಣ್ಣು ಹರಿಯಲು ಎಷ್ಟು ಬಲ ಬೇಕಾಯಿತು, ಎರಡನ್ನೂ ಅದು ಅಂಕಿಯಲ್ಲಿ ಹೇಳುತ್ತದೆ. ಊರುಗೋಲಿಗೆ ಗಣಿತ ಕಲಿಸಿದ ಹಾಗೆ.

ಆದರೆ ಮಣ್ಣಿನ ಟ್ರ್ಯಾಕಿಗೆ ಇದು ಸಾಲದು. ಗೊರಸು ಮೇಲಿಂದ ಬಿದ್ದು ಮುಂದಕ್ಕೂ ಜಾರುತ್ತದಲ್ಲ, ಎರಡನ್ನೂ ಒಟ್ಟಿಗೆ ಅಳೆಯಬೇಕು. ಮಿಕ್ ಪೀಟರ್ಸನ್ ಎಂಬ ಮೆಕ್ಯಾನಿಕಲ್ ಎಂಜಿನಿಯರ್ ಆಗ ಮೇನ್ ವಿಶ್ವವಿದ್ಯಾಲಯದಲ್ಲಿದ್ದರು. ಕೊಲರಾಡೊದಲ್ಲಿ ಕುದುರೆ ಮೂಳೆಯ ಶಸ್ತ್ರಚಿಕಿತ್ಸೆಗೆ ಹೆಸರಾದ ವೇಯ್ನ್ ಮೆಕ್‌ಇಲ್‌ರೈತ್ ಅವರಿಗೆ ಜೊತೆಯಾದರು. ಇವರು ಮಾಡಿದ್ದು ಒಂದು ಯಂತ್ರದ ಗೊರಸು. ವಾಹನದ ಹಿಂಬದಿಗೆ ಕಟ್ಟಿದ ಓರೆ ಕಂಬಿಯ ಮೇಲಿಂದ ಲೋಹದ ಗೊರಸು ಧಡ್ ಎಂದು ಬೀಳುತ್ತದೆ. ಬೀಳುವ ರೀತಿ ಓಡುವ ಕುದುರೆಯ ಮುಂಗಾಲಿನಂತೆಯೇ. ಪೆಟ್ಟು ಎಷ್ಟು, ಜಾರಿದ್ದು ಎಷ್ಟು, ನೆಲ ಎಷ್ಟು ತಗ್ಗಿತು, ಎಲ್ಲವನ್ನೂ ಸೆನ್ಸರುಗಳು ಬರೆದುಕೊಳ್ಳುತ್ತವೆ. ಸುತ್ತಲೂ ಹಲವು ಕಡೆ ಬೀಳಿಸುತ್ತಾ ಹೋದರೆ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂಬ ನಕ್ಷೆ ಸಿಗುತ್ತದೆ. ಮಣ್ಣಿನ ಮಾದರಿಯನ್ನು ಲ್ಯಾಬಿಗೆ ಒಯ್ದು ಮರಳೆಷ್ಟು, ಗೋಡೆಷ್ಟು, ಜೇಡಿಯೆಷ್ಟು ಎಂದು ಬೇರ್ಪಡಿಸಿ ತೂಗುತ್ತಾರೆ. ನಮ್ಮ ರೈತರು ಮಣ್ಣು ಪರೀಕ್ಷೆಗೆ ಕಳಿಸುವಂತೆಯೇ, ಸಾರಜನಕ ಒಂದನ್ನು ಬಿಟ್ಟು. 2009ರಲ್ಲಿ ಇದಕ್ಕೆಂದೇ ರೇಸಿಂಗ್ ಸರ್ಫೇಸಸ್ ಟೆಸ್ಟಿಂಗ್ ಲ್ಯಾಬೊರೇಟರಿ ಎಂಬ ಲಾಭದ ಉದ್ದೇಶವಿಲ್ಲದ ಪ್ರಯೋಗಾಲಯವೂ ಹುಟ್ಟಿತು.

ಇತ್ತ ಕ್ಯಾಲಿಫೋರ್ನಿಯಾಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ಮಣ್ಣಿನ ರಗಳೆಯೇ ಬೇಡ ಎಂದು 2006ರಲ್ಲಿ ಅಲ್ಲಿನ ಹಾರ್ಸ್ ರೇಸಿಂಗ್ ಬೋರ್ಡ್ ಒಂದು ಆದೇಶ ಹೊರಡಿಸಿತು. ರಾಜ್ಯದ ದೊಡ್ಡ ಟ್ರ್ಯಾಕುಗಳೆಲ್ಲ 2007ರ ಕೊನೆಯೊಳಗೆ ಮಣ್ಣು ತೆಗೆದು ಸಿಂಥೆಟಿಕ್ ಮೇಲ್ಮೈ ಹಾಕಬೇಕು! ಸಿಂಥೆಟಿಕ್ ಎಂದರೆ ಪ್ಲಾಸ್ಟಿಕ್ ಚಾಪೆಯಲ್ಲ. ಮರಳಿಗೆ ನಾರು, ರಬ್ಬರ್ ಚೂರು ಸೇರಿಸಿ ಮೇಣದಲ್ಲಿ ಕಲಸಿದ ಮಿಶ್ರಣ. ಇಂಗ್ಲೆಂಡಿನಲ್ಲಿ ಆಗಲೇ ಬಳಕೆಯಲ್ಲಿತ್ತು. ಮಳೆ ಬಂದರೂ ನೀರು ಒಳಗಿಂದ ಬಸಿದು ಹೋಗುತ್ತದೆ, ಗಟ್ಟಿಯಾಗುವುದಿಲ್ಲ ಎಂಬ ಭರವಸೆ.

ಕೋಟಿಗಟ್ಟಲೆ ಡಾಲರ್ ಸುರಿದು ಹಾಕಿಸಿದರು. ಸಾಂಟಾ ಅನಿಟಾ 2007ರಲ್ಲಿ ಹಾಕಿಸಿತು. ಮುಂದಿನ ಜನವರಿಯಲ್ಲಿ ಮಳೆ ಬಂತು. ಬಸಿಯಬೇಕಾದ ನೀರು ಬಸಿಯಲೇ ಇಲ್ಲ. ಮಳೆಗೆ ಹೆದರಬೇಕಿಲ್ಲ ಎಂದು ಹಾಕಿಸಿದ ಟ್ರ್ಯಾಕಿನಲ್ಲೇ ಮಳೆಯಿಂದಾಗಿ ಹಲವು ದಿನದ ಓಟಗಳು ರದ್ದಾದವು. ಆ ವರ್ಷವೇ ಬೇರೆ ಕಂಪನಿಯ ಅಂಟು ಬೆರೆಸಿ ರಿಪೇರಿ ಮಾಡಿದರು.

ಇನ್ನೊಂದು ಸಂಗತಿ ಅಳೆದ ಮೇಲೆ ಗೊತ್ತಾಯಿತು. ಮಣ್ಣಿನ ಹದ ನೀರಿನ ಕೈಯಲ್ಲಿದ್ದರೆ, ಸಿಂಥೆಟಿಕ್ಕಿನ ಹದ ಬಿಸಿಲಿನ ಕೈಯಲ್ಲಿತ್ತು. ಮೇಣವಲ್ಲವೇ? ಬೆಳಗಿನ ತಂಪಿನಲ್ಲಿ ಒಂದು ಗುಣ, ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೊಂದು ಗುಣ. ಬೆಳಗ್ಗೆ ತಾಲೀಮು ಮಾಡಿದ ಕುದುರೆ ಮಧ್ಯಾಹ್ನ ಓಡುವಾಗ ಅದು ಬೇರೆಯೇ ನೆಲ. ಜೊತೆಗೆ ಹಳೆಯ ಓಟದ ದಾಖಲೆಗಳ ಲೆಕ್ಕಾಚಾರ ತಲೆಕೆಳಗಾಯಿತು ಎಂದು ಬಾಜಿ ಕಟ್ಟುವವರು ಮುನಿದರು. ಕುದುರೆಗಳ ಹಿಂಗಾಲಿಗೆ ಬೇರೆ ಬಗೆಯ ನೋವು ಬರುತ್ತಿದೆ ಎಂದು ಟ್ರೇನರುಗಳು ದೂರಿದರು. 2010ರ ಡಿಸೆಂಬರಿನಲ್ಲಿ ಸಾಂಟಾ ಅನಿಟಾ ಮತ್ತೆ ಮಣ್ಣಿಗೆ ಮರಳಿತು. 2015ರಲ್ಲಿ ಡೆಲ್ ಮಾರ್ ಕೂಡ.

ಇಲ್ಲಿ ನಮ್ಮ ಅಭಿಪ್ರಾಯ ಹೇಳಿಬಿಡುತ್ತೇವೆ. ಸಿಂಥೆಟಿಕ್ ಸೋತಿತು ಎಂದು ಬರೆಯುವುದು ಸುಲಭ, ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. 2008ರ ಮೇ ತಿಂಗಳಲ್ಲಿ ಕೆಂಟಕಿ ಡರ್ಬಿಯಲ್ಲಿ ಎರಡನೆಯದಾಗಿ ಬಂದ ಏಟ್ ಬೆಲ್ಸ್ ಎಂಬ ಹೆಣ್ಣು ಕುದುರೆ ಗೆರೆ ದಾಟಿದ ಮೇಲೆ ಎರಡೂ ಮುಂಗಾಲು ಮುರಿದು ಬಿತ್ತು. ಇಡೀ ದೇಶ ಟಿವಿಯಲ್ಲಿ ನೋಡಿತು. ಆ ಗದ್ದಲದ ವರ್ಷವೇ ಅಮೆರಿಕದ ಜಾಕಿ ಕ್ಲಬ್ ಕುದುರೆ ಗಾಯಗಳ ಒಂದು ದೊಡ್ಡ ದಾಖಲೆ ಶುರುಮಾಡಿತು. ಅದರ ಪ್ರಕಾರ 2009ರಲ್ಲಿ ಸಾವಿರ ಓಟಕ್ಕಿಳಿದ ಕುದುರೆಗಳಲ್ಲಿ 2 ಸಾಯುತ್ತಿದ್ದವು. ಸಾವಿರ ಎಂದರೆ ನೂರು ಓಟ, ಓಟಕ್ಕೆ ಹತ್ತು ಕುದುರೆ ಎಂದು ಲೆಕ್ಕ ಇಟ್ಟುಕೊಳ್ಳಿ. ಆ ದಾಖಲೆಯಲ್ಲಿ ವರ್ಷ ವರ್ಷವೂ ಸಿಂಥೆಟಿಕ್ ಮೇಲಿನ ಸಾವು ಮಣ್ಣಿನ ಮೇಲಿನ ಸಾವಿಗಿಂತ ಕಡಿಮೆಯೇ ಇದೆ. ಅಂದರೆ ವಸ್ತು ಕೆಟ್ಟದ್ದಾಗಿರಲಿಲ್ಲ. ಅದನ್ನು ಯಾವ ಊರಿನ ಹವಾಮಾನಕ್ಕೆ ಹೇಗೆ ಕಲಸಬೇಕು, ಹೇಗೆ ನೋಡಿಕೊಳ್ಳಬೇಕು ಎಂದು ಕಲಿಯುವ ಮೊದಲೇ ಆದೇಶದ ಗಡುವು ಬಂದಿತ್ತು. ಮಣ್ಣು ನೋಡದೆ ಇಡೀ ಜಿಲ್ಲೆಗೆ ಒಂದೇ ಬೀಜ ಹಂಚಿದಂತೆ.

ಈಗ 2019ಕ್ಕೆ ಬರೋಣ. ಸಾಂಟಾ ಅನಿಟಾದ ಮಣ್ಣನ್ನು ಬಹಳ ವರ್ಷ ನೋಡಿಕೊಂಡಿದ್ದವರು ಡೆನಿಸ್ ಮೂರ್. ಆ ಕೆಲಸದಲ್ಲಿ ದೇಶದಲ್ಲೇ ಹೆಸರು ಮಾಡಿದವರು. 2018ರ ಕೊನೆಗೆ ಅವರು ನಿವೃತ್ತರಾದರು. ಅದರ ಬೆನ್ನಿಗೇ ಆ ಮಳೆ. ಟ್ರ್ಯಾಕನ್ನು ಪದೇ ಪದೇ ಸೀಲ್ ಮಾಡಬೇಕಾಯಿತು. ಹುಲ್ಲಿನ ಮೇಲೆ ಓಡಬೇಕಿದ್ದ ಕುದುರೆಗಳೂ ಹುಲ್ಲು ನೆನೆದದ್ದರಿಂದ ಮಣ್ಣಿಗೆ ಬಂದವು. ಮಾರ್ಚಿನಲ್ಲಿ ಬೀಗ ಬಿದ್ದ ಮೇಲೆ ಮೂರ್ ಅವರನ್ನೇ ಸಲಹೆಗಾರರಾಗಿ ವಾಪಸ್ ಕರೆದರು. ಹಿಮ್ಮಡಿಯ ತಿಳಿವಳಿಕೆ ಮನೆಗೆ ಹೋಗುತ್ತದೆ ಎಂದೆವಲ್ಲ, ಅದಕ್ಕೆ ಇದೇ ಉದಾಹರಣೆ.

ತಾಲೀಮು ಮತ್ತೆ ಶುರುವಾದ ಹೊತ್ತಿನಲ್ಲೇ, ಮಾರ್ಚ್ 14ರಂದು, ಪ್ರಿನ್ಸೆಸ್ ಲಿಲಿ ಬಿ ಎಂಬ ಕುದುರೆ ಬಿತ್ತು. ಓಟ ಮತ್ತೆ ಆರಂಭವಾದದ್ದು ಮಾರ್ಚ್ 29ಕ್ಕೆ. 31ರಂದು ಆರ್ಮ್ಸ್ ರನ್ನರ್ ಎಂಬ ಕುದುರೆ ಹುಲ್ಲಿನ ಓಟದಲ್ಲಿ, ಹುಲ್ಲಿನಿಂದ ಮಣ್ಣಿನ ಟ್ರ್ಯಾಕನ್ನು ಅಡ್ಡ ದಾಟುವ ಜಾಗದಲ್ಲಿ ಬಿದ್ದು ಸತ್ತಿತು. ಅದು 23ನೆಯದು. ಜೂನ್ 23ಕ್ಕೆ ಋತು ಮುಗಿಯುವಾಗ ಸಂಖ್ಯೆ 30.

ನಾವು ಪತ್ರಕರ್ತರಿಗೆ ಒಂದೇ ಕಾರಣ ಬೇಕು. ಬಸ್ ಉರುಳಿದರೆ 'ಚಾಲಕನ ನಿರ್ಲಕ್ಷ್ಯವೇ ಕಾರಣ' ಎಂದು ಸಂಜೆಯೊಳಗೆ ಸುದ್ದಿ ಕಳಿಸಿಬಿಡುತ್ತೇವೆ. ರಸ್ತೆಯ ಗುಂಡಿ, ಸವೆದ ಟಯರು, ಆ ಚಾಲಕ ಎಷ್ಟು ಗಂಟೆಯಿಂದ ನಿದ್ದೆ ಮಾಡಿರಲಿಲ್ಲ ಎಂಬುದೆಲ್ಲ ಮೂರು ಸಾಲಿನಲ್ಲಿ ಹಿಡಿಸುವುದಿಲ್ಲ. ನಾವೂ ಹಾಗೆ ಬರೆದಿದ್ದೇವೆ, ಸುಳ್ಳು ಹೇಳುವುದಿಲ್ಲ. ಅಲ್ಲಿನ ಪತ್ರಿಕೆಗಳಲ್ಲೂ ಆಗ ಕೆಲವರು ಮಣ್ಣೇ ಕಾರಣ ಎಂದರು, ಕೆಲವರು ಔಷಧಿಯೇ ಕಾರಣ ಎಂದರು.

ರೇಸಿಂಗ್ ಬೋರ್ಡ್ ಒಂದು ವರ್ಷ ತನಿಖೆ ನಡೆಸಿ 2020ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಮೊದಲ 23 ಸಾವುಗಳನ್ನು ಒಂದೊಂದಾಗಿ ನೋಡಿದ ವರದಿ ಅದು. ಕಾನೂನು ಮೀರಿದ ಔಷಧಿ ಕೊಟ್ಟದ್ದು ಕಾಣಲಿಲ್ಲ. 23ರಲ್ಲಿ 9 ಸಾವು, ಅಂದರೆ ಶೇ 39ರಷ್ಟು, ಮಳೆಯಿಂದ ಕೆಟ್ಟ ನೆಲದ ಮೇಲೆ ಆಗಿದ್ದವು. ಅಷ್ಟಕ್ಕೇ ನಿಲ್ಲಿಸಿದ್ದರೆ ಮಣ್ಣಿನದೇ ತಪ್ಪು ಎನ್ನಬಹುದಿತ್ತು. ಆದರೆ 23ರಲ್ಲಿ 21 ಕುದುರೆಗಳ ಮೂಳೆಯಲ್ಲಿ, ಬೀಳುವ ಮೊದಲೇ ಹಳೆಯ ಪೆಟ್ಟಿನ ಗುರುತು ಇತ್ತು.

ಈ ಮಾತು ಪೂರ್ತಿ ಹೊಸದಲ್ಲ. 1990ರಿಂದ ಕ್ಯಾಲಿಫೋರ್ನಿಯಾದಲ್ಲಿ ರೇಸ್‌ಕೋರ್ಸಿನಲ್ಲಿ ಸತ್ತ ಕುದುರೆಗಳ ಮರಣೋತ್ತರ ಪರೀಕ್ಷೆ ನಡೆಯುತ್ತಿದೆ. ಡೇವಿಸ್‌ನ ಪಶುವೈದ್ಯ ಕಾಲೇಜಿನ ಸೂ ಸ್ಟೋವರ್ ಆ ಮೂಳೆಗಳನ್ನು ನೋಡಿ ಹೇಳಿದ್ದು ಇದನ್ನೇ. ಮೂಳೆ ಒಮ್ಮೆಲೇ ಮುರಿಯುವುದು ಅಪರೂಪ. ತಾಲೀಮಿನ ಒತ್ತಡಕ್ಕೆ ಕೂದಲೆಳೆಯಷ್ಟು ಸಣ್ಣ ಬಿರುಕು ಮೊದಲೇ ಬಂದಿರುತ್ತದೆ. ಮೂಳೆ ಜೀವಂತ ವಸ್ತು, ಬಿರುಕನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೆ ಸರಿಪಡಿಸಲು ಮೊದಲು ಹಳೆಯದನ್ನು ಕೆದಕಿ ತೆಗೆಯಬೇಕು. ಮನೆ ರಿಪೇರಿಗೆ ಗೋಡೆಯ ಹಳೆ ಗಾರೆ ಕೆತ್ತಿದಾಗ ಗೋಡೆ ಸ್ವಲ್ಪ ಕಾಲ ಬಲಹೀನವಾಗಿರುತ್ತದಲ್ಲ, ಹಾಗೆ. ಆ ಹೊತ್ತಿನಲ್ಲಿ ಮತ್ತೆ ಜೋರಾಗಿ ಓಡಿಸಿದರೆ ಮುರಿಯುತ್ತದೆ. ಕುದುರೆ ಕುಂಟದೆಯೂ ಇರಬಹುದು. ಮಾಲೀಕನಿಗೆ ಗೊತ್ತಾಗದೆಯೂ ಇರಬಹುದು. ಓಟಗಳಿಗೆ ಕುದುರೆ ತುಂಬಿಸಿ ಎಂಬ ಒತ್ತಡ ಆಡಳಿತದ ಕಡೆಯಿಂದ ಇತ್ತು ಎಂಬ ಮಾತೂ ವರದಿಯಲ್ಲಿದೆ.

ಹಾಗಾಗಿ ರಾಡಾರ್ ಸುಳ್ಳು ಹೇಳಿರಲಿಲ್ಲ. ಅದು ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿತ್ತು: ಪದರಗಳು ಸಮ ಇವೆಯೇ? ಇವೆ. ಆ ನೆಲದ ಮೇಲೆ ನಾಳೆ ಬರುವ ಕುದುರೆಯ ಮೂಳೆಯಲ್ಲಿ ಬಿರುಕಿದೆಯೇ ಎಂದು ರಾಡಾರಿಗೆ ಹೇಗೆ ಗೊತ್ತಾಗಬೇಕು? ಬಿರುಕಿಲ್ಲದ ಕುದುರೆ ಕೆಟ್ಟ ನೆಲದ ಮೇಲೂ ಒಂದು ದಿನ ಬಚಾವಾಗಬಹುದು. ಬಿರುಕಿರುವ ಕುದುರೆಗೆ ಒಳ್ಳೆಯ ನೆಲವೂ ಸಾಲದೆ ಹೋಗಬಹುದು. ಎರಡೂ ಕೆಟ್ಟ ದಿನ ಕೂಡಿಬಂದರೆ ಏನಾಗುತ್ತದೆ ಎಂಬುದನ್ನು ಆ ಚಳಿಗಾಲ ತೋರಿಸಿತು. ಹಾಗೆಂದು ನೆಲದ ಕೆಲಸ ಕಡಿಮೆಯಾಗುವುದಿಲ್ಲ. ಬಿರುಕು ಹುಟ್ಟಿಸುವುದರಲ್ಲೂ ದಿನದಿನದ ಗಟ್ಟಿ ನೆಲದ ಪಾಲು ಇದ್ದೇ ಇರುತ್ತದೆ.

ಆಮೇಲೆ ಎರಡೂ ಕಡೆ ಕೆಲಸ ಶುರುವಾಯಿತು. 2019ರ ಕೊನೆಯಲ್ಲಿ ಸಾಂಟಾ ಅನಿಟಾದಲ್ಲೇ ಕುದುರೆ ನಿಂತಿರುವಾಗಲೇ ಅದರ ಕಾಲಿನ ಗಿಣ್ಣನ್ನು ಸ್ಕ್ಯಾನ್ ಮಾಡುವ ಪೆಟ್ ಯಂತ್ರ ಬಂತು. ಮಲಗಿಸಬೇಕಿಲ್ಲ, ಪೂರ್ತಿ ಅರಿವಳಿಕೆ ಕೊಡಬೇಕಿಲ್ಲ. ಅದಕ್ಕೆ ಕೆಲವೇ ವಾರ ಮೊದಲು, ನವೆಂಬರ್ 2ರಂದು, ಅಲ್ಲೇ ನಡೆದ ಬ್ರೀಡರ್ಸ್ ಕಪ್ ದೊಡ್ಡ ಓಟದಲ್ಲಿ ಮಂಗೋಲಿಯನ್ ಗ್ರೂಮ್ ಎಂಬ ಕುದುರೆ ಕೊನೆಯ ತಿರುವು ದಾಟಿ ಬರುವಾಗ ಹಿಂಗಾಲು ಮುರಿದುಕೊಂಡಿತ್ತು. ಓಟಕ್ಕೆ ಮುನ್ನ ಪಶುವೈದ್ಯರು ಹಲವು ಸಲ ನೋಡಿ ಬಿಟ್ಟ ಕುದುರೆ ಅದು. ಕಣ್ಣಿನ ಪರೀಕ್ಷೆ ಸಾಲದು ಎಂಬುದಕ್ಕೆ ಇನ್ನೇನು ಬೇಕು?

2020ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಇಡೀ ದೇಶಕ್ಕೆ ಒಂದೇ ಕುದುರೆ ಓಟ ಸುರಕ್ಷತಾ ಕಾಯ್ದೆ ತಂದಿತು. ಅಲ್ಲಿಯವರೆಗೆ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ ಇತ್ತು. 2022ರ ಜುಲೈ 1ರಿಂದ ಜಾರಿಯಾದ ನಿಯಮಗಳಲ್ಲಿ ಟ್ರ್ಯಾಕಿನ ಮಣ್ಣಿಗೇ ಒಂದು ಭಾಗವಿದೆ. ಋತು ಶುರುವಾಗುವ ಮೊದಲು ಪೂರ್ತಿ ಪರೀಕ್ಷೆ ಆಗಬೇಕು. ಆಮೇಲೆ ಪ್ರತಿದಿನ, ಟ್ರ್ಯಾಕಿನ ಕಾಲು ಮೈಲಿಗೊಂದು ಗುರುತಿನ ಬಳಿ, ಒಳಬೇಲಿಯಿಂದ 5 ಅಡಿ ಮತ್ತು 15 ಅಡಿ ದೂರದಲ್ಲಿ ತೇವ ಎಷ್ಟು, ಸಡಿಲ ಪದರದ ಆಳ ಎಷ್ಟು ಎಂದು ಅಳೆದು ಬರೆದಿಡಬೇಕು. ಒಂದು ಮೈಲಿಯ ಟ್ರ್ಯಾಕಿಗೆ ದಿನಕ್ಕೆ 8 ಜಾಗ. ಎಷ್ಟು ನೀರು ಹೊಡೆದರು, ಯಾವ ಕುಂಟೆ ಎಳೆದರು ಎಂಬುದಕ್ಕೂ ಲೆಕ್ಕ.

ಇಷ್ಟಾದರೂ ಎಲ್ಲ ಮುಗಿಯಿತು ಎನ್ನುವಂತಿಲ್ಲ. 2023ರಲ್ಲಿ ಕೆಂಟಕಿಯ ಚರ್ಚಿಲ್ ಡೌನ್ಸ್‌ನಲ್ಲಿ ಕೆಲವೇ ವಾರಗಳಲ್ಲಿ 12 ಕುದುರೆ ಸತ್ತವು. ಟ್ರ್ಯಾಕಿನಲ್ಲಿ ಇಂಥದ್ದೇ ಎಂದು ತೋರಿಸುವ ದೋಷ ಸಿಗಲಿಲ್ಲ. ಆದರೂ ಓಟಗಳನ್ನು ಬೇರೆ ಊರಿನ ಟ್ರ್ಯಾಕಿಗೆ ಸಾಗಿಸಿದರು. ದೇಶದ ಒಟ್ಟು ಲೆಕ್ಕ ಮಾತ್ರ ಇಳಿದಿದೆ. 2009ರಲ್ಲಿ ಸಾವಿರಕ್ಕೆ 2 ಇದ್ದದ್ದು 2022ರಲ್ಲಿ 1.25ಕ್ಕೆ ಬಂತು. ಇದರಲ್ಲಿ ಮಣ್ಣಿನ ಪಾಲು ಎಷ್ಟು, ವೈದ್ಯರ ಪಾಲು ಎಷ್ಟು ಎಂದು ಬೇರ್ಪಡಿಸುವುದು ಮರಳು ಜೇಡಿ ಬೇರ್ಪಡಿಸಿದಷ್ಟು ಸುಲಭವಲ್ಲ.

ಸಾಂಟಾ ಅನಿಟಾದ ಮುಖ್ಯ ಟ್ರ್ಯಾಕ್ ಇಂದಿಗೂ ಮಣ್ಣಿನದೇ. ಅದರ ಪಕ್ಕದಲ್ಲಿರುವ ತಾಲೀಮಿನ ಟ್ರ್ಯಾಕಿಗೆ ಮಾತ್ರ ಅವರು ಈಗ ಟ್ಯಾಪೆಟಾ ಎಂಬ ಸಿಂಥೆಟಿಕ್ ಹಾಕಿಸಿದ್ದಾರೆ. ಮಳೆ ಬಂದ ದಿನ ಕುದುರೆಗಳು ಸೀಲ್ ಮಾಡಿದ ಗಟ್ಟಿ ಮಣ್ಣು ತುಳಿಯದೆ ಅಲ್ಲಿ ತಾಲೀಮು ಮಾಡಬಹುದು. ಮರಳು, ನಾರು ಮತ್ತು ಮೇಣ. 2010ರಲ್ಲಿ ಕೆರೆದು ಹೊರಹಾಕಿದ್ದರಲ್ಲ, ಅದೇ ಜಾತಿಯದು.